ತಪ್ಪೇ ಮಾಡದ ಎಪ್ಪತ್ನಾಲ್ಕನೇ ನಂಬರು

ಹತ್ತು ಪಂದ್ಯ ಆಡಿ ಹತ್ತನ್ನೂ ಸೋತ ಮೇಲೆ ಕೋಚ್ ಆದವನಿಗೆ ಒಂದು ಬಗೆಯ ನೆಮ್ಮದಿ ಬರುತ್ತದೆ. ಮುಂದಿನ ವಾರ ಏನಾದೀತೋ ಎಂಬ ಆತಂಕ ಉಳಿದಿರುವುದಿಲ್ಲ. ನವೆಂಬರಿನ ಆ ಭಾನುವಾರ ಹಾಲ್ವರ್ಸನ್ ಕಾಲೇಜಿನ ಕೋಚ್ ಡ್ವೇನ್ ಹಾವ್ಲಿಕ್‌ಗೂ ಅದು ಬರಬೇಕಾಗಿತ್ತು. ಬಂದಿರಲಿಲ್ಲ. ಉತ್ತರ ಡಕೋಟಾದ ಚಪಾತಿಯಂಥ ಬಯಲಿನಲ್ಲಿ ನೂರಹತ್ತು ಮೈಲಿ ಕಾರು ಓಡಿಸಿಕೊಂಡು, ಒಂದು ಲೂಥರನ್ ಚರ್ಚಿನ ನೆಲಮಾಳಿಗೆಯತ್ತ ಅವನು ಹೊರಟಿದ್ದ. ಜೇಬಿನಲ್ಲೊಂದು ಚೀಟಿ. ಚೀಟಿಯಲ್ಲಿ ಒಂದೇ ಹೆಸರು: ಎಮರಿ ಸ್ಕಾರ್, ಒದೆಗಾರ.

ಫುಟ್‌ಬಾಲ್ ಎಂದು ಹೆಸರಿಟ್ಟುಕೊಂಡಿರುವ ಈ ಅಮೆರಿಕದ ಆಟದಲ್ಲಿ ಚೆಂಡಿಗೆ ಕಾಲು ತಾಗಿಸುವವರು ಒಬ್ಬಿಬ್ಬರೇ. ಮಿಕ್ಕವರು ಚೆಂಡನ್ನು ಅಪ್ಪಿಕೊಂಡು ಓಡುತ್ತಾರೆ, ಎಸೆಯುತ್ತಾರೆ, ಇಲ್ಲವೇ ಎದುರಿನವನ ಎದೆಗೆ ಎದೆ ಕೊಟ್ಟು ನೂಕುತ್ತಾರೆ. ಮುಂದೆ ಹೋಗುವ ದಾರಿಗಳೆಲ್ಲ ಮುಚ್ಚಿಹೋದಾಗ ಒದೆಗಾರನಿಗೆ ಕರೆ ಬರುತ್ತದೆ. ಅವನು ಬಂದು ಚೆಂಡನ್ನು ಆಕಾಶಕ್ಕೆ ಒದ್ದು, ತಗೊಳ್ಳಿ, ನಿಮ್ಮ ಪಾಪ ನಿಮಗೆ ಎಂಬಂತೆ ಎದುರಾಳಿಗೆ ಒಪ್ಪಿಸಿ ಹೋಗುತ್ತಾನೆ. ಗೆಲ್ಲುವ ತಂಡದ ಒದೆಗಾರನಿಗೆ ಬೆಂಚಿನ ಮೇಲೆ ಕೂತು ಕೈ ಉಜ್ಜಿಕೊಳ್ಳುವುದೇ ಕೆಲಸ. ಹಾಲ್ವರ್ಸನ್ ತಂಡದ ಒದೆಗಾರನಿಗೆ ಕೂರಲು ಪುರುಸೊತ್ತೇ ಇರಲಿಲ್ಲ. ಋತು ಮುಗಿಯುವಷ್ಟರಲ್ಲಿ ಎಮರಿ ಎಂಬತ್ತಾರು ಸಲ ಒದ್ದಿದ್ದ, ಒಂದಕ್ಕಿಂತ ಒಂದು ಚಂದ. ಜನ ಕೊನೆಕೊನೆಗೆ ಅವನ ಕಾಲು ನೋಡಲೆಂದೇ ಬರುತ್ತಿದ್ದರು; ಬೇಗ ಸೋಲಲಿ ಎಂದು ಹಾರೈಸುವ ಸ್ವಂತ ಊರಿನ ಅಭಿಮಾನಿಗಳನ್ನು ಹಾವ್ಲಿಕ್ ಕಣ್ಣಾರೆ ಕಂಡಿದ್ದ.

ಕಾಲೇಜಿನ ವ್ಯಾಯಾಮಶಾಲೆಯ ಪಡಸಾಲೆಯಲ್ಲಿ ಓಕ್ ಮರದ ದೊಡ್ಡ ಬೋರ್ಡೊಂದಿದೆ. ಎಂಟು ಕಾಲೇಜುಗಳ ಕೂಟವಾದ ಪ್ರೇರಿ ರಿವರ್ಸ್ ಕಾನ್ಫರೆನ್ಸಿನ ವರ್ಷದ ಅತ್ಯುತ್ತಮ ತಂಡಕ್ಕೆ ಆಯ್ಕೆಯಾದ ಹಾಲ್ವರ್ಸನ್ ಹುಡುಗರ ಹೆಸರು, ಪಕ್ಕದಲ್ಲಿ ಅವರು ಆಡುವ ಜಾಗ, ಚಿನ್ನದ ಬಣ್ಣದಲ್ಲಿ. ಐವತ್ತೊಂದು ವರ್ಷದಿಂದ ಅವನ್ನು ಬರೆಯುತ್ತ ಬಂದವನು ಎಮರಿಯ ತಾತ, ಬೋರ್ಡು ಬರೆಯುವ ಆರ್ವಿಡ್ ಸ್ಕಾರ್. ಈಗ ಬೋರ್ಡಿನಲ್ಲಿ ಉಳಿದಿರುವುದು ಕಟ್ಟಕಡೆಯ ಒಂದು ಸಾಲು. ಬರುವ ವರ್ಷದಿಂದ ಅಲ್ಲಿ ಟಿವಿಯಂಥ ಪರದೆ ಬರುತ್ತದೆ. ಹೆಸರುಗಳು ತಾವಾಗಿಯೇ ಓಡಾಡಿಕೊಂಡಿರುತ್ತವೆ.

ಶನಿವಾರ ಹತ್ತನೇ ಸೋಲು ಮುಗಿದ ಮೇಲೆ ಎಮರಿ ಹಾವ್ಲಿಕ್ ಹತ್ತಿರ ಬಂದಿದ್ದ. ನೂರ ನಲವತ್ತೆಂಟು ಪೌಂಡು ತೂಕದ, ಗಾಳಿ ಬೀಸಿದರೆ ಪಕ್ಕಕ್ಕೆ ವಾಲುವ ಹುಡುಗ.

"ನನಗೇನೂ ಆಗ್ಬೇಕಾಗಿಲ್ಲ ಕೋಚ್. ಆದ್ರೆ ನಮ್ಮ ತಾತ ಐವತ್ತೊಂದು ವರ್ಷದಿಂದ ಕಂಡೋರ ಮಕ್ಕಳ ಹೆಸರೇ ಬರೀತಾ ಬಂದಿದಾನೆ. ಉಳಿದಿರೋದು ಒಂದು ಸಾಲು..."

"ಬರೀತಾನೆ ಬಿಡೋ," ಎಂದು ಹಾವ್ಲಿಕ್ ಅಂದುಬಿಟ್ಟಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆಂದು ಹತ್ತು ಸೋಲು ಕಲಿಸಿದ್ದರೂ ಅಂದುಬಿಟ್ಟಿದ್ದ.

ಅವನ ಧೈರ್ಯಕ್ಕೆ ಕಾರಣವಿತ್ತು. ಕಾನ್ಫರೆನ್ಸಿನಲ್ಲಿ ಎಲ್ಲೂ ಬರೆಯದ ಒಂದು ಪದ್ಧತಿಯಿದೆ: ಎಲ್ಲ ಪಂದ್ಯವನ್ನೂ ಸೋತ ತಂಡವನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಅವರಿಗೂ ಒಬ್ಬನನ್ನು ಕೊಡುತ್ತಾರೆ. ಒಬ್ಬನನ್ನು ಮಾತ್ರ. ಆ ಒಬ್ಬ ಎಮರಿಯಾಗಲಿ ಎಂದು ಹಾವ್ಲಿಕ್ ಆ ಶನಿವಾರಕ್ಕೆ ಮುಂಚೆಯೇ ವಾರವಿಡೀ ಫೋನು ತಿರುಗಿಸಿ ನಾಲ್ವರು ಕೋಚ್‌ಗಳ ಮಾತು ಪಡೆದಿದ್ದ; ಬದಲಿಗೆ ಅವರವರ ಹುಡುಗರಿಗೆ ತನ್ನ ಕೈ ಎತ್ತುವುದಾಗಿ ಒಪ್ಪಿದ್ದ. ಹೆಣ್ಣು ಕೊಟ್ಟು ಹೆಣ್ಣು ತರುವ ಈ ವ್ಯವಹಾರಕ್ಕೆ ಅಲ್ಲಿ 'ಪ್ರತಿಭೆಯ ಮೌಲ್ಯಮಾಪನ' ಎನ್ನುತ್ತಾರೆ.

ಆಯ್ಕೆಯ ಸಭೆ ನಡೆಯುವ ನೆಲಮಾಳಿಗೆಯಲ್ಲಿ ಆಲೂಗಡ್ಡೆ ಉಂಡೆ ಹೊದಿಸಿ ಬೇಯಿಸಿದ ಹಾಟ್‌ಡಿಶ್‌ನ ವಾಸನೆ ತುಂಬಿತ್ತು. ತೆಳು ಕಾಫಿಯಲ್ಲಿ ಲೋಟದ ತಳ ಕಾಣುತ್ತಿತ್ತು. ಮೇಜಿನ ತಲೆಭಾಗದಲ್ಲಿ ಕಾನ್ಫರೆನ್ಸಿನ ಅಧ್ಯಕ್ಷ ಮಿಲ್ಟನ್ ಬ್ರೆಕೆ. ನಲವತ್ತು ವರ್ಷ ಶವಸಂಸ್ಕಾರದ ಮಳಿಗೆ ನಡೆಸಿ ನಿವೃತ್ತನಾದವನು. "ಇನ್ನು ಹತ್ತು ನಿಮಿಷ ಬಿಡುವು" ಎಂದರೂ ಕೇಳಿದವರು ಟೋಪಿ ತೆಗೆಯುವಂಥ ದನಿ. ಅವನ ಎಡಕ್ಕೆ ಕಾರ್ಯದರ್ಶಿ ವರ್ನಾ ಲುಂಡ್, ತಾನೇ ಹೆಣೆದ ನೀಲಿ ಹೊದಿಕೆ ತೊಡಿಸಿದ ನಿಯಮದ ಪುಸ್ತಕದೊಡನೆ. ಎರಡೂ ಬದಿಯಲ್ಲಿ ಎಂಟು ಕೋಚ್‌ಗಳು, ಋತುವಿಡೀ ಒಬ್ಬರನ್ನೊಬ್ಬರು ಬೈದು ಈಗ ಒಂದೇ ತಟ್ಟೆಗೆ ಚಮಚ ಚಾಚುತ್ತಿದ್ದರು.

ಆಯ್ಕೆ ಯಾವಾಗಲೂ ಗೋಡೆಯಿಂದ ಶುರು. ಗೋಡೆ ಎಂದರೆ ಮುಂದಿನ ಸಾಲಿನಲ್ಲಿ ನಿಂತು ನೂಕುವ ಐವರು ದೈತ್ಯರು. ಇವರು ಚೆಂಡು ಮುಟ್ಟುವುದಿಲ್ಲ, ಅಂಕ ಗಳಿಸುವುದಿಲ್ಲ. ಇವರ ಬಗ್ಗೆ ಯಾರೂ ಯಾವ ಅಂಕಿಅಂಶವನ್ನೂ ಬರೆದಿಡುವುದಿಲ್ಲ. ಹೀಗಾಗಿ ಗೋಡೆಯವರನ್ನು ಎರಡೇ ಆಧಾರದ ಮೇಲೆ ಆರಿಸುತ್ತಾರೆ: ತೂಕ ಮತ್ತು ಗಾಳಿಮಾತು.

"ಎಡ ಟ್ಯಾಕಲ್," ಎಂದ ಬ್ರೆಕೆ, ಯಾರೋ ಈಗಷ್ಟೇ ತೀರಿಕೊಂಡಂತೆ. ಗೋಡೆಯ ಎಡತುದಿಯ ಜಾಗಕ್ಕೆ ಆ ಹೆಸರು.

ಚಾಂಪಿಯನ್ ತಂಡದ ಕೋಚ್ ಬಕ್ ಸೊರೆನ್ಸನ್ ಪಟ್ಟಿಯ ಮೇಲೆ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದ. "ಹಾಲ್ವರ್ಸನ್‌ನೋರ ಎಪ್ಪತ್ನಾಲ್ಕು ನಂಬರು. ಡೆಲ್ಮರ್ ಫೊಗೆಲ್. ಆರಡಿ ಐದಿಂಚು, ಮುನ್ನೂರಹತ್ತು ಪೌಂಡು. ಇಷ್ಟು ತೂಕ ಇಟ್ಕೊಂಡು ಒಬ್ಬ ಕೆಟ್ಟದಾಗಿ ಆಡೋಕೆ ಸಾಧ್ಯಾನೇ ಇಲ್ಲ."

ಹಾವ್ಲಿಕ್‌ನ ಬಾಯಲ್ಲಿದ್ದ ಆಲೂಗಡ್ಡೆ ಅಲ್ಲೇ ನಿಂತಿತು. ಡೆಲ್ಮರ್ ಫೊಗೆಲ್ ಆಗಸ್ಟ್ ತಿಂಗಳ ಅಭ್ಯಾಸದ ಎರಡನೇ ದಿನವೇ, ಸೆಕೆ ತಡೆಯಲಾರೆ ಎಂದು ಶೂ ಬಿಚ್ಚಿಟ್ಟು, ಓದಿಗೂ ಆಟಕ್ಕೂ ಒಟ್ಟಿಗೇ ಕೈಮುಗಿದು ಬೀಟ್ ಸಕ್ಕರೆ ಕಾರ್ಖಾನೆಗೆ ಕೆಲಸಕ್ಕೆ ಹೋಗಿದ್ದ. ಒಂದು ಪಂದ್ಯವನ್ನೂ ಆಡಿರಲಿಲ್ಲ. ಎಪ್ಪತ್ನಾಲ್ಕನೇ ನಂಬರಿನ ಅಂಗಿ ಋತುವಿಡೀ ಮೊಳೆಗೆ ನೇತುಬಿದ್ದಿತ್ತು. ಹಾಗಾದರೆ ಪಟ್ಟಿಯಲ್ಲಿ ಹೆಸರು ಹೇಗೆ ಬಂತು? ಹಾವ್ಲಿಕ್‌ಗೆ ತಕ್ಷಣ ಹೊಳೆಯಿತು. ಪ್ರತಿ ನವೆಂಬರಿನಲ್ಲೂ ವರ್ನಾ ಕಳಿಸುವ ಕಾಗದದಲ್ಲಿ 'ಆಗಸ್ಟ್‌ನ ಪಟ್ಟಿಗೆ ಬದಲಾವಣೆ ಉಂಟೇ?' ಎಂಬ ಪ್ರಶ್ನೆಗೆ ಹತ್ತೊಂಬತ್ತು ವರ್ಷದಿಂದ ಅವನು ಒಂದೇ ಉತ್ತರ ಬರೆಯುತ್ತಿದ್ದ: 'ಏನೂ ಇಲ್ಲ.' ಈ ವರ್ಷವೂ ಅದನ್ನೇ ಬರೆದು ಸಹಿ ಹಾಕಿದ್ದ.

"ಒಂದ್ನಿಮಿಷ," ಎಂದ ಹಾವ್ಲಿಕ್. "ಆ ಫೊಗೆಲ್ ವಿಷಯ..."

ವರ್ನಾ ಪೆನ್ಸಿಲಿನಿಂದ ಮೇಜು ತಟ್ಟಿದಳು. "ನಾಲ್ಕನೇ ನಿಯಮ, ಕೋಚ್."

ನಾಲ್ಕನೇ ನಿಯಮದ ಪ್ರಕಾರ ಯಾವ ಕೋಚೂ ತನ್ನ ಹುಡುಗನಿಗೆ ಮತ ಹಾಕುವಂತಿಲ್ಲ. ಅವನ ಪರವಾಗಿಯಾಗಲಿ ವಿರೋಧವಾಗಿಯಾಗಲಿ ಬಾಯಿ ಬಿಡುವಂತಿಲ್ಲ. ಹಿಂದೊಮ್ಮೆ ಇಬ್ಬರು ಕೋಚ್‌ಗಳು ತಂತಮ್ಮ ಹುಡುಗರನ್ನು ಆರು ಗಂಟೆ ಕಾಲ ಹೊಗಳಿ, ಒಲೆಯಲ್ಲಿದ್ದ ಹಾಟ್‌ಡಿಶ್ ಸೀದು ಕರಕಾದ ವರ್ಷ ಈ ನಿಯಮ ಹುಟ್ಟಿತ್ತು.

"ಅದಲ್ಲ ವರ್ನಾ, ನಾನು ಹೊಗಳ್ತಿಲ್ಲ..."

"ತೆಗಳೋಕೂ ಇಲ್ಲ. ಎರಡೂ ಒಂದೇ ವಾಕ್ಯದಲ್ಲಿದೆ."

"ನೋಡ್ರೋ, ಸಂಕೋಚ ಪಟ್ಕೊಳ್ತಿದಾನೆ," ಎಂದು ನಕ್ಕ ರೋಲಂಡ್ ಪೈಕ್. ಹಾವ್ಲಿಕ್‌ಗೆ ಮಾತು ಕೊಟ್ಟ ನಾಲ್ವರಲ್ಲಿ ಇವನೇ ಮೊದಲಿಗ. ದೊಡ್ಡ ಗಂಟಲು, ಚಿಕ್ಕ ನೆನಪು. "ಆ ಫೊಗೆಲ್ ಸಾಮಾನ್ಯದೋನಲ್ಲ ಮಾರಾಯ್ರೇ. ಅವರ ಮೇಲೆ ಆಡಿ ಬಂದ್ಮೇಲೆ ನಮ್ಮ ಹುಡುಗ ಒಬ್ಬ ಮೂರು ದಿನ ಎಡಗೈ ಎತ್ತಲಿಲ್ಲ. ಯಾರ ಕೆಲಸ ಅಂದ್ಕೊಂಡ್ರಿ?"

"ನಾನು ನಮ್ಮೋರಿಗೆ ಹೇಳಿಬಿಟ್ಟಿದ್ದೆ, ಆ ಕಡೆ ಹೋಗ್ಲೇಬೇಡಿ ಅಂತ," ಎಂದ ಇನ್ನೊಬ್ಬ.

"ಬಾಯಿ ಇಲ್ಲ ಪಾಪ. ಮೈದಾನದಲ್ಲಿ ಒಂದು ಮಾತಾಡಿದ್ದು ಕೇಳಿಲ್ಲ ನಾನು," ಎಂದ ಮೇಜಿನ ತುದಿಯವನು.

"ಫೌಲು ಎಷ್ಟು ಮಾಡಿದಾನೆ ನೋಡಿ ವರ್ನಾ," ಎಂದ ಬಕ್.

ವರ್ನಾ ಹತ್ತೂ ಪಂದ್ಯಗಳ ದಾಖಲೆ ತಿರುವಿಹಾಕಿದಳು. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ತಿರುವಿದಳು. "ಒಂದೂ ಇಲ್ಲ."

ಕೋಚ್‌ಗಳು ಶಿಳ್ಳೆ ಹಾಕಿದರು. ಗೋಡೆಯವನೊಬ್ಬ ಹತ್ತು ಪಂದ್ಯ ಆಡಿ ಒಂದೂ ಫೌಲು ಮಾಡಿಲ್ಲವೆಂದರೆ ಅದು ಕಾನ್ಫರೆನ್ಸಿನ ಚರಿತ್ರೆಯಲ್ಲೇ ಇರಲಿಲ್ಲ. ಹಾವ್ಲಿಕ್ ಹುಬ್ಬು ಕುಣಿಸಿದ, ತಲೆ ಅಲ್ಲಾಡಿಸಿದ, ಕೊನೆಗೆ ಎರಡೂ ಕೈಯಲ್ಲಿ ಗಾಳಿಯಲ್ಲೊಂದು ಖಾಲಿ ಆಕಾರ ಬಿಡಿಸಿ ತೋರಿಸಿದ. "ಹೂಂ, ಅಷ್ಟಗಲ ಇದಾನೆ, ಗೊತ್ತು ಗೊತ್ತು," ಎಂದ ಪೈಕ್. ಡೆಲ್ಮರ್ ಫೊಗೆಲ್ ಏಳಕ್ಕೆ ಏಳು ಮತದಿಂದ ಆಯ್ಕೆಯಾದ.

ಒದೆಗಾರರ ಸರದಿ ಬಂದದ್ದು ಎಲ್ಲರಿಗಿಂತ ಕೊನೆಗೆ, ನಾಲ್ಕು ಗಂಟೆಗೆ. ಹಾವ್ಲಿಕ್ ತನಗೆ ಮಾತು ಕೊಟ್ಟವರ ಮುಖ ನೋಡಿದ. ಪೈಕ್ ಚಾವಣಿಯ ಕೊಳವೆಗಳನ್ನು ಎಣಿಸುತ್ತಿದ್ದ.

"ಪೈಕ್," ಎಂದ ಹಾವ್ಲಿಕ್ ಮೆಲ್ಲಗೆ.

"ನಿನಗೊಂದು ಆಯ್ತಲ್ಲ ಗುರು," ಎಂದ ಪೈಕ್, ಅಷ್ಟೇ ಮೆಲ್ಲಗೆ. "ಮುನ್ನೂರಹತ್ತು ಪೌಂಡು ಕೊಟ್ಟಿದೀವಿ. ಇನ್ನೂ ಬೇಕು ಅಂದ್ರೆ ಅತಿಯಾಸೆ ಆಗಲ್ವಾ?"

ಬಕ್‌ನ ಒದೆಗಾರ ಆಯ್ಕೆಯಾದ. ಆ ಹುಡುಗ ಇಡೀ ಋತುವಿನಲ್ಲಿ ಹನ್ನೊಂದು ಸಲ ಒದ್ದಿದ್ದ. ಅದರಲ್ಲಿ ಒಂದು ತಮ್ಮದೇ ಬ್ಯಾಂಡಿನವನ ಡೋಲಿಗೆ ಬಿದ್ದಿತ್ತು.

ಹಾವ್ಲಿಕ್ ಎದ್ದು ನಿಂತ. ನಾಲ್ಕನೇ ನಿಯಮ ಮಣ್ಣುಪಾಲಾಗಲಿ ಎಂದುಕೊಂಡ. "ಅವನು ಇಲ್ಲ!"

"ಯಾರಿಲ್ಲ?"

"ಡೆಲ್ಮರ್ ಫೊಗೆಲ್! ಆಗಸ್ಟ್‌ನಲ್ಲೇ ಬಿಟ್ಟುಹೋದ. ಒಂದೂ ಪಂದ್ಯ ಆಡಿಲ್ಲ. ಬೀಟ್ ಕಾರ್ಖಾನೇಲಿ ಕೆಲಸ ಮಾಡ್ತಿದಾನೆ!"

ಚಮಚಗಳು ತಟ್ಟೆಗಿಳಿದವು.

"ಹಂಗಾದ್ರೆ ನಮ್ಮ ಹುಡುಗನ ಕೈ?" ಎಂದ ಪೈಕ್.

"ನಿಮ್ಮ ಬಸ್ಸಿನ ಬಾಗಿಲಿಗೆ ಸಿಕ್ಕಿಹಾಕ್ಕೊಂಡಿದ್ದು ಕಣೋ. ಐಸ್ ತಂದ್ಕೊಟ್ಟಿದ್ದೇ ನಾನು."

"ಪಟ್ಟಿಗೆ ಸಹಿ ಹಾಕಿದ್ದು ಯಾರು?" ಎಂದ ಬಕ್.

"ನಾನೇ."

"ಅಂದ್ಮೇಲೆ ಕಾಗದದ ಮೇಲೆ ಅವನಿದಾನೆ. ಈಗ ಅವನು ಇಲ್ಲ ಅಂತ ಪೇಪರಿನೋರಿಗೆ ಹೇಳಿದ್ರೆ, ಏಳು ಜನ ಕೋಚ್‌ಗಳು ಹತ್ತು ವಾರ ಯಾರನ್ನ ನೋಡಿ ಹೆದರ್ಕೊಂಡಿದ್ರು ಅಂತ ಕೇಳ್ತಾರೆ. ಏನು ಹೇಳೋಣ?"

ಬ್ರೆಕೆ ಎರಡೂ ಅಂಗೈ ಜೋಡಿಸಿದ. "ನೋಡಿ ಕೋಚ್, ಇಲ್ಲದೋರ ಬಗ್ಗೆ ನಾಲ್ಕು ಒಳ್ಳೆ ಮಾತಾಡೋದು ನಲವತ್ತು ವರ್ಷ ನನ್ನ ಕಸುಬಾಗಿತ್ತು. ಒಂದ್ಸಲ ಆಡಿದ್ಮೇಲೆ ವಾಪಸ್ ತಗೊಳ್ಳೋ ಪದ್ಧತಿ ಇಲ್ಲ."

ವರ್ನಾ ಮಾತ್ರ ಪುಸ್ತಕ ತಿರುವುತ್ತಿದ್ದಳು. "ಹನ್ನೊಂದನೇ ನಿಯಮ. ಆಯ್ಕೆಯಾದವನು ತಾನೇ ಬರೆದು ಸಹಿ ಮಾಡಿದ ಪತ್ರದಿಂದ ಮಾತ್ರ ಗೌರವವನ್ನು ನಿರಾಕರಿಸಬಹುದು. ಮಂಗಳವಾರ ಮಧ್ಯಾಹ್ನ ಹನ್ನೆರಡರ ಒಳಗೆ. ಆಗ ಆ ಸ್ಥಾನ ಅದೇ ಕಾಲೇಜಿನ ಇನ್ನೊಬ್ಬನಿಗೆ ಸಲ್ಲುತ್ತದೆ. ಇದಕ್ಕೆ ಇನ್ನೊಂದು ವಾಕ್ಯ ಇದೆ, ಕೋಚ್..."

ಹಾವ್ಲಿಕ್ ಆಗಲೇ ಕೋಟು ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದ.

ಸೋಮವಾರ ಬೆಳಿಗ್ಗೆ ಕಾರ್ಖಾನೆಯ ಅಂಗಳದಲ್ಲಿ ಬೀಟ್ ಗೆಡ್ಡೆಗಳು ಗುಡ್ಡದಂತೆ ಬಿದ್ದಿದ್ದವು. ಊರಿನ ಮೂಗಿಗೆ ಮಾತ್ರ ಒಗ್ಗುವ ಆ ಕೊಳೆತ ಸಿಹಿ ವಾಸನೆಯ ನಡುವೆ ಡೆಲ್ಮರ್ ಫೊಗೆಲ್ ಇನ್ನೊಂದು ಗುಡ್ಡದಂತೆ ನಿಂತಿದ್ದ. ಕೋಚನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ.

"ನಾನು ಶೂ ವಾಪಸ್ ಕೊಟ್ಟಿದೀನಿ ಕೋಚ್!"

"ಶೂ ವಿಷಯ ಅಲ್ಲಪ್ಪ. ನಿನ್ನನ್ನ ಕಾನ್ಫರೆನ್ಸ್ ತಂಡಕ್ಕೆ ಆರಿಸಿದಾರೆ. ಎಡ ಟ್ಯಾಕಲ್."

ಡೆಲ್ಮರ್ ತಲೆಯ ಮೇಲಿದ್ದ ಹಳದಿ ಟೋಪಿ ತೆಗೆದ. ಅವನ ಮುಖದಲ್ಲಿ ಆಶ್ಚರ್ಯ ಇರುತ್ತದೆಂದು ಹಾವ್ಲಿಕ್ ಎಣಿಸಿದ್ದ. ಇದ್ದದ್ದು ಸಮಾಧಾನ, ತಡವಾಗಿ ಬಂದ ಬಸ್ಸನ್ನು ಕಂಡವನ ಸಮಾಧಾನ.

"ಎಷ್ಟು ಮತ?"

"ಏಳಕ್ಕೆ ಏಳು."

"ಬಕ್ ಸೊರೆನ್ಸನ್ನೂ ಹಾಕಿದ್ರಾ?"

"ಮೊದಲು ಹೆಸರು ಹೇಳಿದ್ದೇ ಅವನು."

"ನೋಡಿ," ಎಂದ ಡೆಲ್ಮರ್. "ಹೊರಗಿನೋರಿಗೆ ಕಾಣ್ತು. ನೀವು ಮಾತ್ರ ಯಾವತ್ತೂ ನನ್ನ ಗುರುತಿಸಲಿಲ್ಲ."

"ಈ ವರ್ಷ ನೀನು ಬಂದಿದ್ದೇ ಎರಡು ದಿನ ಕಣೋ!"

"ಅದಕ್ಕೂ ಮುಂಚೆ ಮೂರು ವರ್ಷ ಬಂದಿದ್ನಲ್ಲ. ಮೂರು ವರ್ಷಾನೂ ಬೆಂಚು ಕಾಯಿಸಿದ್ರಿ. ಬಂದಾಗ ಹೆಸರು ಬರಲಿಲ್ಲ, ಬಿಟ್ಟ ವರ್ಷ ಬಂತು. ತಪ್ಪು ಯಾರದು?"

ಹಾವ್ಲಿಕ್ ಜೇಬಿನಿಂದ ಕಾಗದ, ಪೆನ್ನು ತೆಗೆದ. "ಇದು ಬೇಡ ಅಂತ ಬರೆದು ಸಹಿ ಮಾಡಿಕೊಡು."

"ಯಾಕೆ?"

"ಯಾಕೇಂದ್ರೆ ನೀನು ಆಡಿಲ್ಲ!"

"ಆಡಿಲ್ಲ. ಸರಿ. ಒಂದು ತಪ್ಪು ಮಾಡಿದ್ರೆ ತೋರಿಸಿ."

"ಡೆಲ್ಮರ್..."

"ನಮ್ಮ ಕ್ವಾರ್ಟರ್‌ಬ್ಯಾಕು ಈ ವರ್ಷ ಎಷ್ಟು ಸಲ ಬಿದ್ದ?"

ಚೆಂಡು ಎಸೆಯುವ ಆ ಬಡಪಾಯಿಯನ್ನು ಕಾಯುವುದೇ ಗೋಡೆಯ ಕೆಲಸ. "ಅರವತ್ತೊಂದು ಸಲ," ಎಂದ ಹಾವ್ಲಿಕ್.

"ಅದರಲ್ಲಿ ಒಂದಾದ್ರೂ ನನ್ನಿಂದ?"

ಹಾವ್ಲಿಕ್ ನಿಜವಾಗಿಯೂ ಯೋಚಿಸಿದ. ಹತ್ತೂ ಪಂದ್ಯ ಕಣ್ಣ ಮುಂದೆ ಹಾದುಹೋದವು. ಒಂದೂ ಇವನಿಂದಲ್ಲ. ಗೋಡೆಯ ಮಿಕ್ಕ ಯಾರ ಬಗ್ಗೆಯೂ ಆ ಮಾತು ಹೇಳುವಂತಿರಲಿಲ್ಲ. ಇವನಿಗೆ ಮತ ಹಾಕಿದವರು ಅಷ್ಟೇನೂ ತಪ್ಪಿರಲಿಕ್ಕಿಲ್ಲ ಎಂಬ ಯೋಚನೆ ಬಂದು, ಬೆಚ್ಚಿಬಿದ್ದು, ಅವನು ಬೀಟ್ ಗೆಡ್ಡೆಗಳ ಮೇಲೆ ಕೂತುಬಿಟ್ಟ. ಕೂತು ಎಮರಿಯ ಕತೆ ಹೇಳಿದ, ಬೋರ್ಡಿನ ಕತೆ ಹೇಳಿದ, ಉಳಿದ ಒಂದು ಸಾಲಿನ ಕತೆ ಹೇಳಿದ.

ಡೆಲ್ಮರ್ ಒಂದು ಗೆಡ್ಡೆ ಎತ್ತಿಕೊಂಡು ಅದರ ಮಣ್ಣು ಕೆರೆದ.

"ನಮ್ಮಪ್ಪನ ಟ್ರಕ್ಕಿನ ಮೇಲೆ ಹೆಸರು ಬರೆದಿದ್ದು ಆರ್ವಿಡ್ ಅಜ್ಜಾನೇ," ಎಂದ ಕೊನೆಗೆ. "ಟ್ರಕ್ಕು ತುಕ್ಕು ಹಿಡಿದು ಉದುರಿ ಹೋಯ್ತು. ಹೆಸರಿರೋ ಬಾಗಿಲನ್ನ ಮಾತ್ರ ಅಮ್ಮ ಕೊಟ್ಟಿಗೇಲಿ ಇಟ್ಕೊಂಡಿದಾಳೆ." ಪೆನ್ನು ಕೇಳಿ ಇಸಿದುಕೊಂಡ. "ಎರಡು ಷರತ್ತು. ಆಯ್ಕೆಯಾದೋರಿಗೆ ಕೊಡೋ ಡಿಸೆಂಬರ್ ಔತಣಕ್ಕೆ ನಾನು ಬರ್ತೀನಿ, ಸ್ಟೇಕ್ ತಿನ್ನೋಕೆ. ಮತ್ತೆ ಪತ್ರಾನ ನನ್ನ ಮಾತಲ್ಲೇ ಬರೀತೀನಿ."

ಬರೆದ. ಪತ್ರದಲ್ಲಿ ಹೀಗಿತ್ತು: 'ಈ ಗೌರವಕ್ಕೆ ನಾನು ಅರ್ಹ. ಆದರೂ ಬೇಡ. ಡೆಲ್ಮರ್ ಫೊಗೆಲ್, ನಂ. 74.'

ಮಂಗಳವಾರ ಹತ್ತು ಗಂಟೆಗೆ ಹಾವ್ಲಿಕ್ ಆ ಪತ್ರವನ್ನು ವರ್ನಾಳ ಮೇಜಿನ ಮೇಲಿಟ್ಟು ಯುದ್ಧ ಗೆದ್ದವನಂತೆ ನಿಂತ. ವರ್ನಾ ಓದಿ ತಲೆದೂಗಿದಳು. "ಚೆನ್ನಾಗಿ ಬರೆದಿದಾನೆ. ಈಗ ಎರಡನೇ ವಾಕ್ಯ ಓದ್ಲಾ? ಭಾನುವಾರ ಕೇಳೋಕೆ ಪುರುಸೊತ್ತಿರಲಿಲ್ಲ ನಿಮಗೆ."

"ಓದಿ ಓದಿ."

"ಬದಲಿ ಆಟಗಾರನು ಆ ಋತುವಿನಲ್ಲಿ ಅದೇ ಜಾಗದಲ್ಲಿ ಆಡಿದವನಾಗಿರತಕ್ಕದ್ದು."

ಯುದ್ಧ ಗೆದ್ದವನು ಕುರ್ಚಿ ಹುಡುಕಿಕೊಂಡು ಕೂತ. "ಹಾಗಂದ್ರೆ ಒದೆಗಾರನಿಗೆ ಬರಲ್ಲ."

"ಎಡ ಟ್ಯಾಕಲ್‌ಗೆ ಮಾತ್ರ. ನಿಮ್ಮಲ್ಲಿ ಆ ಜಾಗದಲ್ಲಿ ಯಾರು ಆಡಿದ್ರು?"

ಆ ಜಾಗದಲ್ಲಿ ಮೂವರು ಹುಡುಗರು ಸರದಿಯಂತೆ ನಿಂತು ಸರದಿಯಂತೆ ಬಿದ್ದಿದ್ದರು. ಮೂವರೂ ಮೊದಲ ವರ್ಷದವರು. ಮೊದಲ ವರ್ಷದವರಿಗೆ ಕಾನ್ಫರೆನ್ಸ್ ಗೌರವ ಕೊಡುವುದಿಲ್ಲ, ತಲೆ ತಿರುಗುತ್ತದೆಂದು. ಹೀಗೆ ಹಾಲ್ವರ್ಸನ್‌ಗೆ ಇದ್ದ ಒಂದು ಸ್ಥಾನಕ್ಕೂ ಜನವಿರಲಿಲ್ಲ. ಇಲ್ಲದವನಿದ್ದಾಗ ಸ್ಥಾನವಾದರೂ ಇತ್ತು. ಅವನನ್ನೂ ಕಳೆದುಕೊಂಡು ಬಂದಿದ್ದೆನಲ್ಲ ಎಂದು ಹಾವ್ಲಿಕ್ ಹಣೆ ಒತ್ತಿಕೊಂಡ.

ವರ್ನಾ ಗಡಿಯಾರ ನೋಡಿದಳು. ಆಮೇಲೆ ಪಂದ್ಯಗಳ ದಾಖಲೆಯ ಕಟ್ಟು ಬಿಚ್ಚಿ, ಬೆರಳಿಗೆ ಉಗುಳು ಹಚ್ಚಿ, ಒಂದೊಂದೇ ಹಾಳೆ ಓದತೊಡಗಿದಳು. ಹದಿನೈದು ನಿಮಿಷ ಕಳೆದವು. ಆರನೇ ಪಂದ್ಯದ ಹಾಳೆಯ ಮೇಲೆ ಬೆರಳು ನಿಂತಿತು.

"ಅಕ್ಟೋಬರ್, ಪೈಕ್ ತಂಡದ ಮೇಲೆ. ಮೂರನೇ ಕಾಲುಭಾಗ. ನಿಮ್ಮ ಮೂರೂ ಹುಡುಗರಿಗೆ ಏನಾಗಿತ್ತು?"

"ಒಬ್ಬನಿಗೆ ಮೊಣಕಾಲು, ಒಬ್ಬನಿಗೆ ಬೆರಳು. ಇನ್ನೊಬ್ಬ ಬಕೆಟ್ಟಿಗೆ ವಾಂತಿ ಮಾಡ್ಕೊಳ್ತಿದ್ದ."

"ಅಲ್ಲಿ ಯಾರು ನಿಂತ್ರು?"

"ನಾಲ್ಕನೇ ನಿಯಮ, ವರ್ನಾ. ನಾನು ಬಾಯಿ ಬಿಡೋ ಹಾಗಿಲ್ಲ."

"ಹಾಗಾದ್ರೆ ನಾನೇ ಓದ್ತೀನಿ, ನೀವು ಸುಮ್ನೆ ಕೂತಿರಿ," ಎಂದಳು ವರ್ನಾ. "ಎಡ ಟ್ಯಾಕಲ್, ಸ್ಕಾರ್ ಎಮರಿ. ಒಂದು ಸಲ."

ಹಾವ್ಲಿಕ್‌ಗೆ ಆಗ ನೆನಪಾಯಿತು. ಬೇರೆ ಗತಿಯಿಲ್ಲದೆ ಒಂದೇ ಒಂದು ಸರದಿಗೆ ಎಮರಿಯನ್ನು ಗೋಡೆಯಲ್ಲಿ ನಿಲ್ಲಿಸಿದ್ದ. ಎದುರಿಗೆ ಇನ್ನೂರ ತೊಂಬತ್ತು ಪೌಂಡಿನ ಆಸಾಮಿ. ಎಮರಿ ಕಣ್ಣು ಮುಚ್ಚಿ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಆಸಾಮಿ ಅವನನ್ನು ಕಾಣದೆ ಎಡವಿ, ಗೋಣಿಚೀಲದಂತೆ ಉರುಳಿ, ಹಿಂದೆ ಬರುತ್ತಿದ್ದ ಇಬ್ಬರನ್ನೂ ಕೆಡವಿದ. ಹಾಲ್ವರ್ಸನ್ ನಾಲ್ಕು ಗಜ ಮುಂದೆ ಹೋಯಿತು. ಆ ದಿನದ ಮಟ್ಟಿಗೆ ಅದೇ ಅವರ ದೊಡ್ಡ ಸಾಧನೆ.

"ಒಂದು ಸಲ ಸಾಕಾಗುತ್ತಾ?" ಎಂದ ಹಾವ್ಲಿಕ್.

"ಫೊಗೆಲ್‌ಗಿಂತ ಒಂದು ಸಲ ಜಾಸ್ತೀನೇ," ಎಂದು ವರ್ನಾ ಫೋನು ಎತ್ತಿಕೊಂಡಳು.

ಏಳು ಕೋಚ್‌ಗಳ ಒಪ್ಪಿಗೆ ಬೇಕಿತ್ತು. ಎಲ್ಲರ ದನಿಯೂ ಹಾವ್ಲಿಕ್‌ಗೆ ಕೇಳುವಂತೆ ಅವಳು ಫೋನನ್ನು ಮೇಜಿನ ಮೇಲಿಟ್ಟಳು. ಅವನು ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೂತ.

"ಸ್ಕಾರಾ?" ಎಂದ ಪೈಕ್. "ಆ ಒದೆಯೋ ಹುಡುಗ ಅಲ್ವಾ?... ಏನಂದ್ರಿ, ನಮ್ಮ ಮೇಲೆ? ಮೂರು ಜನಾನ ಕೆಡವಿದ್ದು ಅವನಾ! ನಾನು ಅವತ್ತೇ ಹೇಳ್ದೆ ನಮ್ಮೋರಿಗೆ, ಆ ಹುಡುಗನ ಮೇಲೆ ಕಣ್ಣಿಡಿ ಅಂತ. ಭಾನುವಾರಾನೂ ಅವನ ಹೆಸರೇ ನನ್ನ ನಾಲಿಗೆ ತುದೀಲಿತ್ತು."

ಬಕ್ ಸೊರೆನ್ಸನ್ ಕೇಳಿದ್ದು ಒಂದೇ ಪ್ರಶ್ನೆ. "ತೂಕ ಎಷ್ಟು?"

"ನೂರ ನಲವತ್ತೆಂಟು," ಎಂದಳು ವರ್ನಾ.

ಹಾವ್ಲಿಕ್ ಕೈಯನ್ನು ಇನ್ನಷ್ಟು ಬಿಗಿಯಾಗಿ ಬಾಯಿಗೊತ್ತಿದ. ಗೋಡೆಯನ್ನು ತೂಕ ನೋಡಿ ಕಟ್ಟುವವನು ಬಕ್.

"ನೂರ ನಲವತ್ತೆಂಟು ಪೌಂಡು ಇಟ್ಕೊಂಡು ಎಡ ಟ್ಯಾಕಲ್ ಆಡ್ತಾನಾ?" ಎಂದ ಬಕ್ ಕೊನೆಗೆ. "ಎಂಥ ಗಂಡೆದೆ ಇರ್ಬೇಕು ಕಣ್ರೀ ಆ ಹುಡುಗಂಗೆ! ನಮ್ಮೋರು ಮುನ್ನೂರು ಪೌಂಡು ಇಟ್ಕೊಂಡು ಅಳ್ತಾರೆ. ಹಾಕಿ, ಹಾಕಿ."

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಪಟ್ಟಿ ಪತ್ರಿಕೆಗಳಿಗೆ ಹೋಯಿತು. ಪ್ರೇರಿ ರಿವರ್ಸ್ ಕಾನ್ಫರೆನ್ಸಿನ ವರ್ಷದ ಅತ್ಯುತ್ತಮ ಎಡ ಟ್ಯಾಕಲ್, ಏಳಕ್ಕೆ ಏಳು ಮತ: ಎಮರಿ ಸ್ಕಾರ್.

ಶುಕ್ರವಾರ ಬೆಳಿಗ್ಗೆ ಪಡಸಾಲೆಯಲ್ಲಿ ಆರ್ವಿಡ್ ಸ್ಕಾರ್ ಪುಟ್ಟ ಸ್ಟೂಲಿನ ಮೇಲೆ ಕೂತಿದ್ದ. ಕೊನೆಯ ಸಾಲು ಬೋರ್ಡಿನ ಬುಡದಲ್ಲಿದ್ದುದರಿಂದ ಏಣಿ ಬೇಕಿರಲಿಲ್ಲ. ಎಮರಿ ಬಣ್ಣದ ಡಬ್ಬಿ ಹಿಡಿದಿದ್ದ. ಹಾವ್ಲಿಕ್ ಕಾನ್ಫರೆನ್ಸಿನಿಂದ ಬಂದ ಚೀಟಿಯನ್ನು ಮುದುಕನ ಕೈಗಿತ್ತು ಗೋಡೆಗೆ ಒರಗಿ ನಿಂತ.

ಆರ್ವಿಡ್ ಮೊದಲು ಹೆಸರು ಬರೆದ. ಒಂದೊಂದು ಅಕ್ಷರಕ್ಕೂ ಉಸಿರು ಹಿಡಿದು, ಬಿಟ್ಟು, ಅರ್ಧ ಗಂಟೆ ತೆಗೆದುಕೊಂಡ. ಎಂಬತ್ಮೂರರ ಕೈ ಡಬ್ಬಿಯ ಬಳಿ ನಡುಗುತ್ತಿತ್ತು, ಮರ ಮುಟ್ಟಿದೊಡನೆ ನಿಲ್ಲುತ್ತಿತ್ತು. ಆಮೇಲೆ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದ. ದೂರ ಹಿಡಿದ.

"ಏನಯ್ಯಾ ಕೋಚು ಇದು? ಎಡ ಟ್ಯಾಕಲ್?"

"ಹೌದು ಅಜ್ಜ."

"ಇವನಾ?"

"ಒಂದ್ಸಲ ನಿಂತಿದ್ದೆ ತಾತ," ಎಂದ ಎಮರಿ, ಕಿವಿ ಕೆಂಪಗೆ ಮಾಡಿಕೊಂಡು.

ಆರ್ವಿಡ್ ತಲೆ ಎತ್ತಿ, ಬುಡದಿಂದ ತುದಿಯವರೆಗೆ, ಐವತ್ತೊಂದು ವರ್ಷ ತಾನೇ ಬರೆದ ಚಿನ್ನದ ಸಾಲುಗಳನ್ನು ನೋಡುತ್ತ ಹೋದ. "ಇವರಲ್ಲಿ ಎಷ್ಟು ಜನ ಹಿಂಗೆ?"

ಹಾವ್ಲಿಕ್ ತನ್ನ ಶೂ ನೋಡಿಕೊಂಡ.

"ಆ ನೀಲ್ಸ್ ಗುಲ್ಲಿಕ್ಸನ್, ಅಗೋ ಮೇಲಿಂದ ಆರನೇವನು. ಗೋಡೆ ಆಟಗಾರನಂತೆ. ನಮ್ಮಂಗಡಿ ಬಾಗಿಲು ತಳ್ಳೋಕೂ ಆಗ್ತಿರಲಿಲ್ಲ ಅವನ ಕೈಲಿ, ನಾನೇ ಎದ್ದುಹೋಗಿ ತೆಗೀಬೇಕಿತ್ತು. ನನಗೆ ಬರೆಯೋವಾಗ್ಲೇ ಅನುಮಾನ ಇತ್ತು ಕಣಯ್ಯಾ."

"ತಾತ, ಒದೆಗಾರ ಅಂತ್ಲೇ ಬರೆದುಬಿಡು. ಯಾರೂ ಕೇಳಲ್ಲ."

"ಸುಮ್ನಿರೋ," ಎಂದ ಮುದುಕ. "ನೀನು ಒದ್ದಿದ್ದನ್ನ ಇಡೀ ಊರು ಕೂತು ನೋಡಿದೆ. ನೋಡಿದ್ದಕ್ಕೆ ಬೋರ್ಡು ಯಾಕೆ ಬೇಕು?" ಕುಂಚ ಅದ್ದಿ, ಅಂಚಿಗೆ ಸವರಿ, ಚೀಟಿಯಲ್ಲಿದ್ದುದನ್ನು ಇದ್ದಂತೆಯೇ ಬರೆಯತೊಡಗಿದ. ಹೆಸರಿಗಿಂತಲೂ ಆ ಎರಡು ಪದ ಚೆನ್ನಾಗಿ ಬಂದವು. ಬರೆದು ಮುಗಿಸಿ ತುಟಿ ಮುಂದೆ ಮಾಡಿ ಊದಿದ; ಬೇರೆ ಯಾರ ಹೆಸರಿಗೂ ಅವನು ಹಾಗೆ ಊದಿದ್ದನ್ನು ಹಾವ್ಲಿಕ್ ನೋಡಿರಲಿಲ್ಲ.

ಅಷ್ಟು ಹೊತ್ತಿಗೆ ಮೊದಲ ವರ್ಷದ ಆ ಮೂವರು ಹುಡುಗರು ವ್ಯಾಯಾಮ ಮುಗಿಸಿ ಪಡಸಾಲೆಗೆ ಬಂದರು. ಒಬ್ಬನ ಮೊಣಕಾಲಿಗೆ ಇನ್ನೂ ಪಟ್ಟಿ. ಹಸಿ ಬಣ್ಣ ಕಂಡು ನಿಂತರು. ಓದಿದರು. ಇಡೀ ಋತು ತಾವು ಬಿದ್ದೆದ್ದ ಜಾಗದ ಹೆಸರನ್ನು ಇನ್ನೊಮ್ಮೆ ಓದಿ, ಎಮರಿಯ ಕಡ್ಡಿ ಕಾಲುಗಳಿಂದ ಹಿಡಿದು ನೆತ್ತಿಯವರೆಗೆ ಭಯಭಕ್ತಿಯಿಂದ ನೋಡಿದರು. ಪಟ್ಟಿ ಕಟ್ಟಿಕೊಂಡವನು ಮುಂದೆ ಬಂದ.

"ಅಣ್ಣಾ, ಆ ಜಾಗದಲ್ಲಿ ಬೀಳದೆ ನಿಲ್ಲೋದು ಹೆಂಗೆ ಅಂತ ನಮಗೂ ಸ್ವಲ್ಪ ಹೇಳ್ಕೊಡ್ತೀರಾ?"

ಎಮರಿ ಡಬ್ಬಿ ಹಿಡಿದುಕೊಂಡೇ ತಾತನ ಮುಖ ನೋಡಿದ. ತಾತ ಕುಂಚ ಒರೆಸುತ್ತಿದ್ದ. ಆಮೇಲೆ ಕೋಚ್‌ನ ಮುಖ ನೋಡಿದ.

"ನನ್ನ ನೋಡಬೇಡಪ್ಪ," ಎಂದ ಹಾವ್ಲಿಕ್. "ನಾಲ್ಕನೇ ನಿಯಮ."